ಹಾಲೆಯ ತೊಗಟೆಗೆ ಸಾಕ್ಷಿ ಯಾರು?

ಚಂದಗಡದ ಕಾಡಂಚಿನ ಊರುಗಳಲ್ಲಿ ಸಾತವೀಣ ಎಂದರೆ ಗೊತ್ತಿಲ್ಲದವರಿಲ್ಲ. ಕನ್ನಡದ ಮನೆಗಳಲ್ಲಿ ಅದೇ ಮರಕ್ಕೆ ಹಾಲೆ, ಏಳೆಲೆ ಹಾಲೆ, ಮದ್ದಾಲೆ ಎಂಬ ಹೆಸರುಗಳಿವೆ. ಸಂಸ್ಕೃತದವರು ಸಪ್ತಪರ್ಣ ಎಂದರು. ಒಂದು ಗೆಣ್ಣಿನ ಸುತ್ತ ಏಳೆಲೆಗಳು, ಕಚ್ಚು ಹಾಕಿದರೆ ಬಿಳಿಯ ಹಾಲು, ಮಳೆಗಾಲ ಕಳೆದ ಮೇಲಿನ ರಾತ್ರಿಗಳಲ್ಲಿ ತಲೆ ಭಾರವಾಗುವಷ್ಟು ಗಾಢವಾದ ಹೂವಿನ ವಾಸನೆ. ತುಳುನಾಡಿನಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಈ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ನಮ್ಮ ಕಡೆ ಅಂಥ ಆಚರಣೆಯಿಲ್ಲದಿದ್ದರೂ ಚಳಿಜ್ವರಕ್ಕೆ ಹಾಲೆಯ ತೊಗಟೆ, ನೆಲಬೇವು, ಅಮೃತಬಳ್ಳಿ ಎಂಬ ಮಾತು ಅಜ್ಜಿಯರ ಬಾಯಿಂದ ತಾಯಂದಿರಿಗೂ ತಾಯಂದಿರಿಂದ ನಮಗೂ ಬಂದಿದೆ. ಹೀಗೆ ಬಂದ ಮಾತನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿಟ್ಟು ಪರೀಕ್ಷಿಸುವುದು ಹಿರಿಯರನ್ನು ಅವಮಾನಿಸಿದಂತೆಯೇ, ಅಥವಾ ಪರೀಕ್ಷಿಸದೆ ನಂಬುವುದೇ ಅವರಿಗೆ ಮಾಡುವ ಅನ್ಯಾಯವೇ ಎಂಬ ಪ್ರಶ್ನೆಯನ್ನು ಸಂಘದ ಬಂಧುಗಳ ಮುಂದಿಡಬೇಕೆಂದು ನಮಗೆ ಬಹುದಿನದಿಂದ ಅನ್ನಿಸುತ್ತಿತ್ತು. ಅನ್ನಿಸುವುದಕ್ಕೆ ಕಾರಣ ನಮ್ಮ ಮನೆಯೊಳಗೇ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾನ ಮಗ ಗೋವೆಯಲ್ಲಿ ಕಟ್ಟಡದ ಕೆಲಸ ಮುಗಿಸಿಕೊಂಡು ಊರಿಗೆ ಬಂದ. ಈ ತಾಲೂಕಿನ ಎಷ್ಟೋ ಮನೆಗಳ ಹುಡುಗರು ಹಾಗೆಯೇ ಹೋಗಿ ಬರುವವರು. ಬಂದ ಮೂರನೆಯ ದಿನ ಮೈ ನಡುಗುವ ಚಳಿ, ಅದರ ಹಿಂದೆಯೇ ಸುಡುವ ಜ್ವರ, ಆಮೇಲೆ ಹಾಸಿಗೆ ತೊಯ್ಯುವ ಬೆವರು. ಆಯಿ ಹಿತ್ತಲಿನ ಅಮೃತಬಳ್ಳಿಯನ್ನೂ ಕಾಡಿನಿಂದ ತರಿಸಿದ ತೊಗಟೆಯನ್ನೂ ಕುದಿಸಿ, ಎಂಟು ಪಾಲು ನೀರು ಒಂದು ಪಾಲಿಗೆ ಇಳಿಸಿ, "ಕಣ್ಣ ಮುಚ್ಚಿ ಕುಡದ ಬಿಡೋ ತಮ್ಮಾ" ಎಂದು ಕುಡಿಸಿದಳು. ಮಾರನೆಯ ದಿನ ಜ್ವರವಿಲ್ಲ. ಮನೆಯಲ್ಲಿ ಸಮಾಧಾನ. ಅದರ ಮರುದಿನ ಮತ್ತೆ ಚಳಿ, ಮತ್ತೆ ಕಷಾಯ. ಮಾರನೆಯ ದಿನ ಮತ್ತೆ ಎದ್ದು ಕುಳಿತು ರೊಟ್ಟಿ ತಿಂದ. ಹೀಗೆ ಹತ್ತು ದಿನ ಕಳೆದವು. ಕಷಾಯ ಕುಡಿದ ಪ್ರತಿಸಲವೂ ಜ್ವರ ಬಿಟ್ಟದ್ದನ್ನು ನಾವೆಲ್ಲರೂ ಕಣ್ಣಾರೆ ಕಂಡೆವು. ಹನ್ನೊಂದನೆಯ ದಿನ ಕಣ್ಣು ಹಳದಿಯಾಗಿ, ಮಾತು ತೊದಲಿ, ಜೀಪಿನಲ್ಲಿ ಮಲಗಿಸಿಕೊಂಡು ಹೋದಾಗ ರಕ್ತದಲ್ಲಿ ಎರಡು ಬಗೆಯ ಮಲೇರಿಯಾ ಪರಾವಲಂಬಿಗಳೂ ಕಂಡವು. ಹುಡುಗ ಬದುಕಿದ. ಇನ್ನೊಂದು ರಾತ್ರಿ ತಡಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ವೈದ್ಯರು ನಮ್ಮನ್ನು ಹೊರಗೆ ಕರೆದು ಹೇಳಿದರು. ಅದು ಆಯಿಗೆ ತಿಳಿಯಬಾರದೆಂದು ನಾವು ಮಾಡಿದ ಪ್ರಯತ್ನ ಫಲಿಸಲಿಲ್ಲ.

ಆಯಿ ಸುಳ್ಳು ಹೇಳಿದವಳಲ್ಲ. ನಾವು ಕಂಡದ್ದೂ ಸುಳ್ಳಲ್ಲ. ಸುಳ್ಳುಸಾಕ್ಷಿ ಹೇಳಿದ್ದು ರೋಗವೇ. ಆಯುರ್ವೇದದ ಹಿರಿಯರು ವಿಷಮಜ್ವರದ ಬಗೆಗಳನ್ನು ಎಣಿಸುವಾಗ ತೃತೀಯಕ, ಚತುರ್ಥಕ ಎಂದು ಹೆಸರಿಟ್ಟಿದ್ದರು: ಒಂದು ದಿನ ಬಿಟ್ಟು ಬರುವುದು, ಎರಡು ದಿನ ಬಿಟ್ಟು ಬರುವುದು. ಇಂದು ಅದರ ಕಾರಣ ತಿಳಿದಿದೆ. ವೈವ್ಯಾಕ್ಸ್ ಎಂಬ ಪರಾವಲಂಬಿಯು ಕೆಂಪು ರಕ್ತಕಣದೊಳಗೆ ಬೆಳೆದು, ಸುಮಾರು 48 ತಾಸುಗಳಿಗೊಮ್ಮೆ ಕಣವನ್ನೊಡೆದು ಹೊರಬರುತ್ತದೆ. ಹೊರಬಂದಾಗ ಚಳಿ, ಒಳಗಿರುವಾಗ ಶಾಂತಿ. ಅಂದಮೇಲೆ ಚಳಿ ಬಂದ ದಿನ ಯಾವುದನ್ನು ಕುಡಿಸಿದರೂ, ಬರಿಯ ಬಿಸಿನೀರನ್ನೇ ಕುಡಿಸಿದರೂ, ಮಾರನೆಯ ದಿನ ಜ್ವರವಿರುವುದಿಲ್ಲ. ಅಷ್ಟೇ ಅಲ್ಲ, ರಕ್ತದಿಂದ ಪೂರ್ತಿ ಹೋದಂತೆ ಕಂಡ ಮೇಲೂ ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಏಳಬಲ್ಲದು. ಅದಕ್ಕಾಗಿಯೇ ವೈದ್ಯರು ಮೂರು ದಿನದ ಕ್ಲೋರೋಕ್ವಿನ್ ಜತೆಗೆ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಕೊಡುತ್ತಾರೆ. ತಲೆಮಾರುಗಳ ಅನುಭವವನ್ನು ಹೀಗೆ ಮೋಸಗೊಳಿಸುವ ರೋಗಗಳು ಹೆಚ್ಚಿಲ್ಲ. ಕಾಲು ಮುರಿದಾಗ ಕಟ್ಟು ಕಟ್ಟುವವನ ಅನುಭವಕ್ಕೆ ಬೆಲೆಯಿದೆ, ಏಕೆಂದರೆ ಕಾಲು ಸುಳ್ಳು ಹೇಳುವುದಿಲ್ಲ. ಚಳಿಜ್ವರದಲ್ಲಿ ಬರಿಗಣ್ಣಿನ ಅನುಭವ ಸಾಲದು.

ಹಾಗಾದರೆ ಸಾಲುವುದು ಯಾವುದು? ಸಸ್ಯಸಾರದ ಪರೀಕ್ಷೆ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ನೀತಿಯ ಪ್ರಶ್ನೆಗಳು ಹುಟ್ಟುವುದು ಆ ವಿವರಗಳಲ್ಲಿಯೇ. ಮೊದಲ ಕೆಲಸ ಗಿಡವನ್ನು ಗುರುತಿಸುವುದು. ಗಡಿನಾಡಿನ ನಮಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಅಮೃತಬಳ್ಳಿ ಇಲ್ಲಿ ಗುಳವೇಲ, ಗಜ್ಜುಗ ಸಾಗರಗೋಟಾ, ಪಾರಿಜಾತ ಪ್ರಾಜಕ್ತ. ಎರಡು ಭಾಷೆಯ ಮನೆಗಳಲ್ಲಿ ಇದು ತೊಡಕಲ್ಲ, ಸಂಪತ್ತು. ತೊಡಕಿರುವುದು ಒಂದೇ ಹೆಸರು ಎರಡು ಗಿಡಗಳಿಗೆ ಸಲ್ಲುವಲ್ಲಿ. ಕಿರಾತ ಎಂದರೆ ಹಿಮಾಲಯದ ಕಿರಾತತಿಕ್ತವೂ ಹೌದು, ಹಿತ್ತಲಿನ ನೆಲಬೇವೂ ಹೌದು. ಎರಡೂ ಕಹಿ, ಎರಡೂ ಬೇರೆ. ಆಟಿಯ ಕಷಾಯಕ್ಕೆಂದು ಕತ್ತಲಲ್ಲಿ ತಪ್ಪಾಗಿ ಬೇರೆ ಮರದ ವಿಷದ ತೊಗಟೆ ತಂದು ಕುಡಿದವರು ಆಪತ್ತಿಗೆ ಸಿಕ್ಕ ಸುದ್ದಿಗಳನ್ನು ಕರಾವಳಿಯ ಪತ್ರಿಕೆಗಳಲ್ಲಿ ಓದಿದ್ದೇವೆ. ಆದ್ದರಿಂದಲೇ ಸಂಶೋಧಕರು ತಾವು ಬಳಸಿದ ಗಿಡದ ಒಂದು ರೆಂಬೆಯನ್ನು ಒಣಗಿಸಿ, ಲ್ಯಾಟಿನ್ ಹೆಸರು ಬರೆದು, ಕಾದಿಡುತ್ತಾರೆ. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಯಾದವ ಮತ್ತು ಸರದೇಸಾಯಿ ಅವರು 2002ರಲ್ಲಿ ಪ್ರಕಟಿಸಿದ ಕೊಲ್ಲಾಪುರ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ನೋಡಿದವರಿಗೆ ಈ ಕೆಲಸದ ತಾಳ್ಮೆ ಎಂಥದೆಂದು ತಿಳಿಯುತ್ತದೆ.

ಆಮೇಲೆ ಎಲೆ ಅಥವಾ ತೊಗಟೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ನೀರು, ಆಲ್ಕೊಹಾಲ್, ಈಥರ್ ಮೊದಲಾದ ದ್ರವಗಳಲ್ಲಿ ಬೇರೆ ಬೇರೆಯಾಗಿ ನೆನೆಸಿ ಸಾರ ತೆಗೆಯುತ್ತಾರೆ. ಫಾಲ್ಸಿಪಾರಂ ಪರಾವಲಂಬಿಯನ್ನು ದೇಹದ ಹೊರಗೆ, ಮನುಷ್ಯರ ರಕ್ತಕಣಗಳಲ್ಲಿ ನಿರಂತರವಾಗಿ ಬೆಳೆಸುವ ವಿಧಾನವನ್ನು ಟ್ರಾಗರ್ ಮತ್ತು ಜೆನ್ಸನ್ 1976ರಲ್ಲಿ ಕಂಡುಹಿಡಿದರು. ಆ ರಕ್ತಕ್ಕೆ ಸಾರವನ್ನು ಬೆರೆಸಿ, ಎಷ್ಟು ಅಲ್ಪ ಪ್ರಮಾಣದಲ್ಲಿ ಪರಾವಲಂಬಿಗಳ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆಂದು ಅಳೆಯುತ್ತಾರೆ. ಜತೆಯಲ್ಲಿಯೇ ಅದೇ ಸಾರ ಆರೋಗ್ಯವಂತ ಜೀವಕೋಶಗಳನ್ನೂ ಕೊಲ್ಲುತ್ತದೆಯೇ ಎಂದು ನೋಡಬೇಕು; ಪರಾವಲಂಬಿಯನ್ನು ಕೊಲ್ಲುವುದು ದೊಡ್ಡ ಸಂಗತಿಯಲ್ಲ, ಮನೆಯ ಫಿನಾಯಿಲ್ ಕೂಡ ಕೊಲ್ಲುತ್ತದೆ. ಅಲ್ಲಿಂದ ಇಲಿಗಳು. ಇಲಿಗೆ ಬರುವ ಮಲೇರಿಯಾ ಬೇರೆಯದು. ಅದನ್ನು ಹೊಕ್ಕಿಸಿದ ಇಲಿಗೆ ನಾಲ್ಕು ದಿನ ಸಾರವನ್ನು ಕೊಟ್ಟು ರಕ್ತದ ಲೇಪನದಲ್ಲಿ ಪರಾವಲಂಬಿಗಳನ್ನು ಎಣಿಸುತ್ತಾರೆ. ಗಾಜಿನ ತಟ್ಟೆಯಲ್ಲಿ ಗೆದ್ದ ಹೆಚ್ಚಿನ ಸಾರಗಳು ಇಲಿಯಲ್ಲಿ ಸೋಲುತ್ತವೆ, ಇಲಿಯಲ್ಲಿ ಗೆದ್ದವು ಮನುಷ್ಯನವರೆಗೆ ಬರುವುದು ವಿರಳ. ಪತ್ರಿಕೆಗಳಲ್ಲಿ ಆಗಾಗ ಬರುವ 'ಇಂಥ ಎಲೆಯಿಂದ ಮಲೇರಿಯಾ ಮಾಯ' ಎಂಬ ತಲೆಬರಹಗಳು ಬಹುಮಟ್ಟಿಗೆ ಮೊದಲ ಮೆಟ್ಟಿಲಿನವು. ಓದುವವರು ಅವನ್ನು ಕೊನೆಯ ಮೆಟ್ಟಿಲೆಂದು ಭಾವಿಸುತ್ತಾರೆ. ನಾವೂ ಒಂದು ಕಾಲಕ್ಕೆ ಹಾಗೆಯೇ ಭಾವಿಸಿ ಅವನ್ನು ಕತ್ತರಿಸಿ ಇಟ್ಟುಕೊಂಡಿದ್ದೆವು.

ಗಿಡದಿಂದ ಮಲೇರಿಯಾದ ಮದ್ದು ಬರಲಾರದು ಎಂಬುದು ನಮ್ಮ ಮಾತಲ್ಲ. ಜಗತ್ತಿಗೆ ದೊರೆತ ಎರಡು ದೊಡ್ಡ ಮದ್ದುಗಳೂ ಗಿಡದಿಂದಲೇ ಬಂದವು. ಮೊದಲನೆಯದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆ. ಚಿಂಚೋನ್ ಎಂಬ ಊರಿನ ಕೌಂಟೆಸ್ ಒಬ್ಬಳ ಜ್ವರವನ್ನು ಅದು ಗುಣಪಡಿಸಿತೆಂಬ ಕಥೆ ಯುರೋಪಿನಲ್ಲೆಲ್ಲ ಹಬ್ಬಿ, ಲಿನೇಯಸ್ ಆಕೆಯ ಹೆಸರನ್ನೇ ಮರಕ್ಕಿಟ್ಟ. ಇಡುವಾಗ ಒಂದಕ್ಷರ ಬಿಟ್ಟ. ಆ ಕಥೆ ನಿಜವಲ್ಲವೆಂದು ಇತಿಹಾಸಕಾರರು ಆಮೇಲೆ ತೋರಿಸಿದರು. ಕಥೆ ಸುಳ್ಳಾಗಿ ಮದ್ದು ನಿಜವಾಯಿತು. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂತೂ ಅದರಿಂದ ಕ್ವಿನೀನ್ ಬೇರ್ಪಡಿಸಿದರು. 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದವು. 1866ರಲ್ಲಿ ನೇಮಕವಾದ ಮದ್ರಾಸಿನ ಸಿಂಕೋನಾ ಆಯೋಗವು ತೊಗಟೆಯ ನಾಲ್ಕು ಕ್ಷಾರಸತ್ತ್ವಗಳನ್ನು ಜ್ವರದ ರೋಗಿಗಳಿಗೆ ಕೊಟ್ಟು ಹೋಲಿಸಿ ನೋಡಿತು. ನಮ್ಮ ದಕ್ಷಿಣದಲ್ಲಿಯೇ ನಡೆದ ಈ ಹೋಲಿಕೆ ಅಂಥ ಪರೀಕ್ಷೆಗಳಲ್ಲಿ ಬಹು ಹಳೆಯದು. ಆ ರೋಗಿಗಳನ್ನು ಯಾರಾದರೂ ಒಪ್ಪಿಗೆ ಕೇಳಿದ್ದರೇ ಎಂಬ ಪ್ರಶ್ನೆ ಆ ಕಾಲಕ್ಕೆ ಹುಟ್ಟುವಂಥದೇ ಅಲ್ಲ.

ಎರಡನೆಯದು ಚೀನದ ಮಾಚಿಪತ್ರೆಯ ಜಾತಿಯ ಗಿಡ. ಯುದ್ಧಕಾಲದ ಗುಪ್ತ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ತು ಯೂಯೂ ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡುತ್ತ, ನಾಲ್ಕನೆಯ ಶತಮಾನದ ಗ ಹೊಂಗ್ ಬರೆದಿಟ್ಟ ಒಂದು ಸೂಚನೆಯನ್ನು ಕಂಡರು. ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಅದರಲ್ಲಿತ್ತು, ಕುದಿಸಬೇಕೆಂದು ಇರಲಿಲ್ಲ. ಅದುವರೆಗೆ ಕಾಯಿಸಿ ತೆಗೆದ ಸಾರಗಳು ಕೈಕೊಟ್ಟದ್ದು ಈ ಕಾರಣಕ್ಕಿರಬಹುದೆಂದು ಯೋಚಿಸಿ, ಕಡಮೆ ಉಷ್ಣತೆಯಲ್ಲಿ ಈಥರ್‌ನಿಂದ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ರಕ್ತದಿಂದ ಪರಾವಲಂಬಿಗಳನ್ನು ಪೂರ್ತಿ ತೊಡೆಯಿತು. ಆರ್ಟಿಮಿಸಿನಿನ್ ಹುಟ್ಟಿದ್ದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮನ್ನು ತಟ್ಟಿದ್ದು ಬೇರೊಂದು ಸಂಗತಿ. ರೋಗಿಗಳಿಗೆ ಕೊಡುವ ಮೊದಲು, 1972ರಲ್ಲಿ, ತು ಯೂಯೂ ಮತ್ತು ಇಬ್ಬರು ಸಹೋದ್ಯೋಗಿಗಳು ಆ ಸಾರವನ್ನು ಆಸ್ಪತ್ರೆಯಲ್ಲಿ ಮಲಗಿ ತಾವೇ ಕುಡಿದರು.

ಇನ್ನೊಂದು ತುದಿಯನ್ನೂ ನೋಡಬೇಕು. ಕ್ಲಾಸ್ ಶಿಲ್ಲಿಂಗ್ ಎಂಬ ಜರ್ಮನ್ ವೈದ್ಯ ಸಣ್ಣವನೇನಲ್ಲ, ರಾಬರ್ಟ್ ಕೋಖ್‌ನ ಶಿಷ್ಯ. ಡಖಾವ್ ಸೆರೆಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಬಂದಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಮದ್ದುಗಳನ್ನು ಪರೀಕ್ಷಿಸಿದ; 1946ರಲ್ಲಿ ಗಲ್ಲಿಗೇರಿದ. ವಿಚಾರಣೆಯಲ್ಲಿ ಅವನು ವಿಜ್ಞಾನದ ಹೆಸರು ಹೇಳಿ ಬೇಡಿಕೊಂಡ. 1947ರ ನ್ಯೂರೆಂಬರ್ಗ್ ನಿಯಮಾವಳಿ ಇಂಥ ವಿಚಾರಣೆಗಳಿಂದ ಬಂತು. ಅದರ ಮೊದಲ ನಿಯಮವೇ ಪರೀಕ್ಷೆಗೊಳಗಾಗುವವನ ಸ್ವಂತ ಒಪ್ಪಿಗೆ.

ಈ ಎರಡು ತುದಿಗಳ ನಡುವೆ ಸಾಮಾನ್ಯವಾದ, ಸಜ್ಜನರೇ ನಡೆಸುವ ಪರೀಕ್ಷೆಗಳಿವೆ. ಕಠಿಣವಾದ ಪ್ರಶ್ನೆ ಅಲ್ಲಿರುವುದು. ನಮ್ಮ ದೇಶದ ಆಯುರ್ವೇದ ಸಂಶೋಧನ ಪರಿಷತ್ತು ಮಲೇರಿಯಾಕ್ಕೆಂದು ಆಯುಷ್-64 ಎಂಬ ಮದ್ದನ್ನು ರೂಪಿಸಿತು. ಅದರಲ್ಲಿರುವುದು ಸಪ್ತಪರ್ಣದ ತೊಗಟೆ, ಕಟುಕಿ, ಕಿರಾತತಿಕ್ತ, ಗಜ್ಜುಗ. ಎರಡು ಸಾಮಗ್ರಿಗಳಂತೂ ನಮ್ಮ ಆಯಿಯ ಡಬ್ಬಿಯವೇ. ದಿಲ್ಲಿಯ ಮಲೇರಿಯಾ ಸಂಶೋಧಕರು ಇದನ್ನು ವೈವ್ಯಾಕ್ಸ್ ರೋಗಿಗಳಲ್ಲಿ ಕ್ಲೋರೋಕ್ವಿನ್ ಜತೆ ಹೋಲಿಸಿ ನೋಡಿದ ಫಲಿತಾಂಶ 2000ದಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಕ್ಲೋರೋಕ್ವಿನ್ ತೆಗೆದುಕೊಂಡವರೆಲ್ಲರೂ ಗುಣವಾದರು. ಆಯುಷ್-64 ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ. ಕೆಲವರು ಈ ಅಂಕಿಯನ್ನು ಗಿಡಮೂಲಿಕೆಯ ಸೋಲೆಂದು ಓದುತ್ತಾರೆ, ಕೆಲವರು 'ಅರ್ಧವಾದರೂ ಗುಣವಾಯಿತಲ್ಲ' ಎಂದು ಹಿಗ್ಗುತ್ತಾರೆ. ನಮಗೆ ಕಾಣುವುದು ಗುಣವಾಗದೆ ಉಳಿದ ಆ ಅರ್ಧ ಜನ. ನೂರಕ್ಕೆ ನೂರು ಗುಣಪಡಿಸುವ ಮದ್ದು ಪಕ್ಕದ ಮೇಜಿನ ಮೇಲಿರುವಾಗ ಅವರಿಗೆ ಸಂಶಯದ ಮದ್ದನ್ನು ಕೊಡುವುದು ಸರಿಯೆ?

ಸರಿಯಲ್ಲವೆಂದು ಥಟ್ಟನೆ ಹೇಳಿಬಿಡಬಹುದು. ಆದರೆ ಹಾಗೆ ಹೇಳಿದರೆ ಆಯಿಯ ಕಷಾಯ ಎಂದೆಂದಿಗೂ ಪರೀಕ್ಷೆಯಾಗದೆ, ಪರೀಕ್ಷೆಯಾಗದ ಕಾರಣಕ್ಕೇ ಎಲ್ಲ ಮನೆಗಳಲ್ಲಿಯೂ ನಂಬಿಕೆಯಿಂದ ಕುದಿಯುತ್ತಿರುತ್ತದೆ. ಅದನ್ನು ಕುಡಿದವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಪರೀಕ್ಷೆಯಲ್ಲಿ ಗುಣವಾಗದವನ ರಕ್ತವನ್ನು ಮತ್ತೆ ಮತ್ತೆ ನೋಡುವವರಿರುತ್ತಾರೆ, ಮದ್ದು ತಾಗದಿದ್ದರೆ ತಾಗುವ ಮದ್ದನ್ನು ಕೊಡುವ ಕಟ್ಟುಪಾಡಿರುತ್ತದೆ. ನಮ್ಮ ಪಡಸಾಲೆಯಲ್ಲಿ ಮಲಗಿದ್ದ ಹುಡುಗನಿಗೆ ಇವೆರಡೂ ಇರಲಿಲ್ಲ. ಅವನ ಮೇಲೆ ನಡೆದದ್ದೂ ಒಂದು ಪರೀಕ್ಷೆಯೇ, ಒಪ್ಪಿಗೆಯಿಲ್ಲದ, ಕಾವಲಿಲ್ಲದ ಪರೀಕ್ಷೆ. ಪ್ರೀತಿಯಿಂದ ನಡೆಯಿತೆಂಬುದೊಂದೇ ವ್ಯತ್ಯಾಸ. ಆದ್ದರಿಂದ ಪರೀಕ್ಷೆ ಬೇಕು ಎಂಬ ಪಕ್ಷಕ್ಕೆ ನಾವು ಸೇರಿದವರು. ಆದರೆ ಯಾರ ಮೇಲೆ, ಯಾವ ಹಂತದಲ್ಲಿ ಎಂಬುದಕ್ಕೆ ಬಿಗಿಯಾದ ಗೆರೆ ಬೇಕು: ಪ್ರಾಣಾಪಾಯದ ಫಾಲ್ಸಿಪಾರಂ ರೋಗಿಗೆ ಸಂಶಯದ ಸಾರವೊಂದನ್ನೇ ಕೊಡುವ ಹಕ್ಕು ಯಾವ ವಿಜ್ಞಾನಕ್ಕೂ ಇಲ್ಲ, ಮಕ್ಕಳಿಗೂ ಬಸುರಿಯರಿಗೂ ಅಲ್ಲ.

ಒಪ್ಪಿಗೆಯ ಮಾತು ಬಂದಾಗ ಗಡಿನಾಡಿನವರಾದ ನಾವು ಹೇಳಲೇಬೇಕಾದ್ದೊಂದಿದೆ. ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆಯ ತಾಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉಳಿದ ಜಿಲ್ಲೆ ಮೈಸೂರಿಗೆ ಹೋಗಿ ಇದೊಂದು ಇತ್ತ ಉಳಿಯಿತು. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ಮರಾಠಿ ಓದಿ, ಆಸ್ಪತ್ರೆಯಲ್ಲಿ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುದುಕಿಯರು ನಮ್ಮ ನಡುವೆ ಇದ್ದಾರೆ. 'ನಿಮಗೆ ಕೊಡುವ ಮದ್ದು ಫಲಿಸದಿರಬಹುದು' ಎಂಬ ವಾಕ್ಯ ಅರ್ಥವಾಗದ ಭಾಷೆಯಲ್ಲಿದ್ದರೆ ಆ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಬರಿಯ ಮಸಿ. ಸಂಘಗಳು ನಾಡಗೀತೆ, ಸನ್ಮಾನಗಳ ಜತೆಗೆ ಆಸ್ಪತ್ರೆಯ ಕಾಗದಗಳನ್ನು ಕನ್ನಡಕ್ಕೆ ತಿರುಗಿಸಿಕೊಡುವ ಕೆಲಸವನ್ನೂ ಕೈಗೆತ್ತಿಕೊಂಡರೆ ಭಾಷಾಸೇವೆಗೆ ಚ್ಯುತಿಯೇನೂ ಬಾರದು.

ಮದ್ದು ಫಲಿಸಿತೆಂದೇ ಇಟ್ಟುಕೊಳ್ಳೋಣ. ಆಗ ಹೊಸ ಋಣ ಹುಟ್ಟುತ್ತದೆ. 1987ರಲ್ಲಿ ಕೇರಳದ ಕಾಣಿ ಬುಡಕಟ್ಟಿನವರು ತಮ್ಮೊಡನೆ ಕಾಡಿಗೆ ಬಂದಿದ್ದ ವಿಜ್ಞಾನಿಗಳಿಗೆ ದಣಿವು ಕಳೆಯುವ ಒಂದು ಗಿಡದ ಕಾಯನ್ನು ತೋರಿಸಿದರು. ಅದರಿಂದ 'ಜೀವನಿ' ಎಂಬ ಔಷಧ ತಯಾರಾಗಿ, ಬಂದ ಹಣದಲ್ಲಿ ಅರ್ಧಪಾಲು ಆ ಜನರಿಗೆ ಸಲ್ಲಬೇಕೆಂದು ತೀರ್ಮಾನವಾಯಿತು. ಜಗತ್ತೆಲ್ಲ ಮಾದರಿಯೆಂದು ಹೊಗಳಿದ ಈ ಏರ್ಪಾಟಿನಲ್ಲಿಯೂ ಗಿಡವನ್ನು ಕಾಡಿನಿಂದ ಕೀಳುವ ಬಗೆಗೆ ಅರಣ್ಯ ಇಲಾಖೆಯೊಡನೆ ತಕರಾರು ಬಂತು. ನಮ್ಮ ಸಹ್ಯಾದ್ರಿಯ ಕಥೆ ಅದಕ್ಕಿಂತ ಕಹಿ. ಇಲ್ಲಿ ನರಕ್ಯಾ ಎಂದು ಕರೆಯುವ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ, ಅರ್ಬುದರೋಗದ ಮದ್ದಿಗೆ ಮೂಲವಾದ ವಸ್ತುವಿದೆಯೆಂದು 1972ರಲ್ಲಿ ಗೊತ್ತಾಯಿತು. ಅನಂತರದ ದಶಕಗಳಲ್ಲಿ ಆ ಮರವನ್ನು ಬೇರುಸಹಿತ ಕಿತ್ತು, ಕೊಚ್ಚಿ, ಚೀಲಗಳಲ್ಲಿ ತುಂಬಿ ಕದ್ದು ಸಾಗಿಸಿದರು. ಕಡಿದವರು ನಮ್ಮವರೇ, ದಿನಗೂಲಿಗೆ. ಹಾಲೆಯ ತೊಗಟೆಯಲ್ಲಿ ನಾಳೆ ನಿಜವಾಗಿಯೂ ಒಂದು ಅಮೃತವೇ ಸಿಕ್ಕಿತೆನ್ನಿ, ನಮ್ಮ ದೇವರಕಾಡುಗಳಲ್ಲಿ ಎಷ್ಟು ಹಾಲೆ ಮರಗಳು ನಿಂತಿರುತ್ತವೆ?

ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಕನ್ನಡದಲ್ಲಿ 'ಕರ್ಣಾಟಕ ಕಲ್ಯಾಣಕಾರಕ' ಬರೆದ. ಮದ್ಯ, ಮಾಂಸ, ಮಧು ಇವುಗಳನ್ನು ಬಳಸದ ವೈದ್ಯ ಅದು. ಆ ಜೈನ ವೈದ್ಯನಿಗೆ ಮದ್ದು ಗುಣಕೊಟ್ಟರೆ ಸಾಲದು, ಇನ್ನೊಂದು ಜೀವಕ್ಕೆ ಹಾನಿಯಾಗದೆ ಗುಣಕೊಡಬೇಕಿತ್ತು. ಅವನ ನಿಷೇಧಗಳನ್ನೆಲ್ಲ ನಾವು ಇಂದು ಪಾಲಿಸಲಾರೆವು. ಇಲಿಗಳ ಲೆಕ್ಕ ತೆಗೆದರೆ ಯಾವ ಪ್ರಯೋಗಾಲಯವೂ ಅವನ ಮುಂದೆ ನಿಲ್ಲಲಾರದು. ಆದರೆ ಅವನು ಕೇಳಿಕೊಂಡ ಪ್ರಶ್ನೆ ಹಳೆಯದಾಗಿಲ್ಲ.

ಈ ಲೇಖನದ ಕರಡನ್ನು ಓದಿದ ಸಂಘದ ಹಿರಿಯರೊಬ್ಬರು, "ಕಷಾಯಕ್ಕೆ ಖರ್ಚಿಲ್ಲ, ಆಸ್ಪತ್ರೆಗೆ ಖರ್ಚಿದೆ, ಬಡವರು ಏನು ಮಾಡಬೇಕು?" ಎಂದು ಕೇಳಿದರು. ನ್ಯಾಯವಾದ ಮಾತು. ಸ್ವಾತಂತ್ರ್ಯದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ಧಾರವಾಡ, ಕಾರವಾರ ಜಿಲ್ಲೆಗಳಲ್ಲಿ 1946ರ ಸುಮಾರಿಗೆ ಡಿಡಿಟಿ ಸಿಂಪಡಿಸಿದ ಮೇಲೆ, 1953ರ ರಾಷ್ಟ್ರೀಯ ಕಾರ್ಯಕ್ರಮದ ಮೇಲೆ, 1965ರ ವೇಳೆಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಮೈಮರೆತೆವು, 1976ರಲ್ಲಿ ಅರುವತ್ತನಾಲ್ಕು ಲಕ್ಷಕ್ಕೆ ಏರಿತು. ಹಾಗಾಗಿ ಸರಕಾರದ ಮೇಲೆ ಕಣ್ಣುಮುಚ್ಚಿ ಭರವಸೆಯಿಡಿರೆಂದು ನಾವು ಹೇಳುವುದಿಲ್ಲ. ಆದರೆ ಇಂದು ಬೆರಳ ತುದಿಯ ಒಂದು ಹನಿ ರಕ್ತದಿಂದ ಕಾಲು ಗಂಟೆಯಲ್ಲಿ ಮಲೇರಿಯಾ ಹೇಳುವ ಪಟ್ಟಿ ಬಂದಿದೆ; ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಧರ್ಮಕ್ಕೆ ದೊರೆಯುತ್ತವೆ. ರಕ್ತ ನೋಡಿಸಿದ ಮೇಲೆ ಗುಳಿಗೆ ನುಂಗಿ, ವೈದ್ಯರನ್ನು ಕೇಳಿ ಕಷಾಯವನ್ನೂ ಕುಡಿಯಲಿ. ರಕ್ತ ನೋಡಿಸುವ ಬದಲು ಕುಡಿಯುವುದು ಬೇಡ.

ಬೆಳಗಾವಿಯಲ್ಲಿ 2006ರಿಂದ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಕೇಂದ್ರವಿದೆ, ಇಂದು ಅದು ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆ. ಅಲ್ಲಿ ನಮ್ಮ ಘಟ್ಟದ ಗಿಡಗಳ ಅಧ್ಯಯನ ನಡೆಯುತ್ತದೆಂದು ನಾವು ಆಯಿಗೆ ಹೇಳಿದೆವು. ಹುಡುಗ ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕಷಾಯದ ಮಡಕೆಯನ್ನು ಅಟ್ಟಕ್ಕೇರಿಸಿಬಿಟ್ಟಿದ್ದಳು, ಕೆಮ್ಮಿಗೂ ಏನನ್ನೂ ಕುದಿಸುತ್ತಿರಲಿಲ್ಲ. ನಮ್ಮ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ನನ್ನ ತೊಗಟಿ ಒಯ್ದು ತೋರಸ್ರಿ. ಅದರಾಗ ಏನೂ ಇಲ್ಲಂದ್ರ ಇಲ್ಲಂತ ನನಗ ಬಂದು ಹೇಳ್ರಿ, ಮುಚ್ಚಿಡಬ್ಯಾಡ್ರಿ" ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ತೊಗಟೆ ಹೊಸ್ತಿಲ ಪಕ್ಕದಲ್ಲಿತ್ತು. ಅದರ ಜತೆಗೆ, ಮರ ಯಾವುದೆಂದು ತಪ್ಪಬಾರದೆಂದು, ಏಳೆಲೆಗಳ ಒಂದು ಕುಡಿ.